ಗಾಜಿನ ಬೀರುವಿನ ಬೆಳಕು

ಪೋರ್ಟ್ ಸೈದ್, ನಾಲ್ಕನೇ ಮಹಡಿ
ಏಪ್ರಿಲ್ 6, ಭಾನುವಾರ

ಅದಕ್ಕೇ ರದ್ವಾ, ನಿನ್ನೆ ಬಾಲ್ಕನಿಯಿಂದ ಹೇಳುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಎದುರು ಮನೆಯ ಹೆಂಗಸು ಬಟ್ಟೆ ಒಣಹಾಕುವ ನೆಪದಲ್ಲಿ ಒಂದೇ ಕಾಲುಚೀಲವನ್ನು ಎಷ್ಟು ಸಲ ಹಿಂಡಿದಳು ನೋಡಿದೆಯಾ? ನಾನು ಪಿಸುಗುಟ್ಟಿದರೆ ಕಾಲುವೆಯಲ್ಲಿ ಹೋಗುವ ಹಡಗಿನವರಿಗೂ ಕೇಳಿಸುತ್ತದೆ ಎಂದು ನಿನ್ನಜ್ಜಿ ಇನ್ಸಾಫ್ ಹೇಳುತ್ತಿದ್ದಳು. ಹಾಗಾಗಿ ಇನ್ನು ಮುಂದೆ ಕಾಗದ. ನನ್ನ ರೊಟ್ಟಿಯ ಬುಟ್ಟಿ ಹೇಗೂ ದಿನಾ ನಿನ್ನ ಕೋಣೆಯ ಬಾಲ್ಕನಿಯ ಮುಂದೆಯೇ ಇಳಿದು ಹತ್ತುತ್ತದೆ. ತಳದಲ್ಲಿ ಹಳೇ ಪತ್ರಿಕೆ ಹಾಸಿರುತ್ತೇನೆ, ಕಾಗದ ಅದರ ಕೆಳಗೆ.

ಏನು ಹೇಳುತ್ತಿದ್ದೆ? ಹಾಂ, ನಿನ್ನ ಫೋನ್ ಕ್ಷೇಮವಾಗಿದೆ. ಈದ್ ಮುಗಿದ ಮೇಲೆ ನಿನ್ನಪ್ಪ ಅದನ್ನು ಎರಡು ಬೆರಳಲ್ಲಿ ಸತ್ತ ಇಲಿ ಹಿಡಿದಂತೆ ಹಿಡಿದುಕೊಂಡು ಮೇಲೆ ಬಂದ.

"ಅಪ್ಪಾ, ಶಾಲೆಯ ಕೊನೇ ಪರೀಕ್ಷೆ, ಸಾನವಿಯಾ, ಮುಗಿಯೋ ತನಕ ಇದು ನಿಮ್ಮ ಹತ್ರ ಇರ್ಲಿ. ನಮ್ಮನೇಲಿ ಎಲ್ಲಿಟ್ರೂ ಹುಡುಕಿ ತೆಗೀತಾಳೆ. ಹಿಟ್ಟಿನ ಡಬ್ಬೀಲಿಟ್ಟೆ, ಅಲ್ಲೂ ಕೈ ಹಾಕಿದ್ಲು."

"ನಾನೇನು ಜೈಲು ಕಾಯೋನೇನೋ ವಾಯಿಲ್?"

"ಅದಕ್ಕಿಂತ ಮೇಲು ನೀವು. ಫೋನ್ ಮೇಲಿರೋವರೆಗೂ ಅವಳು ಮೇಲೆ ಬರೋ ಹಾಗಿಲ್ಲ. ನೀವಂತೂ ಕೆಳಗಿಳಿಯೋರಲ್ಲ. ಬ್ಯಾಂಕಿನ ಲಾಕರ್ರೂ ಇಷ್ಟು ಭದ್ರ ಇರಲ್ಲ, ಅಪ್ಪಾ."

ಕೆಳಗಿಳಿಯುವವನಲ್ಲ ಎಂದದ್ದು ಸರಿಯೇ. ಇನ್ಸಾಫಳನ್ನು ಮಣ್ಣಿಗೊಯ್ಯಲು ಇಳಿಸಿದ ದಿನ ಅವಳ ಹಿಂದೆ ಇಳಿದೆ, ಹತ್ತಿ ಬಂದೆ, ಅಷ್ಟೇ. ಕೇಳಿದವರಿಗೆ ಮೊಣಕಾಲು ಎನ್ನುತ್ತೇನೆ. ಮೊಣಕಾಲೂ ಹೌದು.

ಫೋನನ್ನು ನಿನ್ನಜ್ಜಿಯ ಗಾಜಿನ ಬೀರುವಿನಲ್ಲಿಟ್ಟಿದ್ದೇನೆ, ಅವಳ ಮದುವೆಯ ಟೀ ಕಪ್ಪುಗಳ ನಡುವೆ. ಆ ಬೀರು ತೆರೆಯುವ ಧೈರ್ಯ ನಿನ್ನಪ್ಪನಿಗೆ ಈಗಲೂ ಇಲ್ಲ. ಕೀಲಿ ನನ್ನ ಜೇಬಿನಲ್ಲಿ. ಅವನೇನಾದರೂ ನಮ್ಮ ಕಾಗದ ನೋಡಿ ಕೇಳಿದರೆ, ಇಂಗ್ಲಿಷ್ ಪತ್ರಲೇಖನದ ಅಭ್ಯಾಸ ಎನ್ನು. ಸುಳ್ಳೇನಲ್ಲ. ಅಲೆಕ್ಸಾಂಡ್ರಿಯಾದಲ್ಲಿ ಎರಡು ವರ್ಷ ಇಂಗ್ಲಿಷ್ ಓದಿ, ಮೂರನೆಯ ವರ್ಷ ಹಡಗು ಏಜೆಂಟರ ಕಚೇರಿ ಸೇರಿದವನು ನಾನು. ಪತ್ರದ ಕೊನೆಯಲ್ಲಿ ಯುವರ್ಸ್ ಫೇತ್‌ಫುಲ್ಲಿ ಎಂದು ಬರೆಯಬೇಕು, ಇಲ್ಲವೇ ಸಿನ್ಸಿಯರ್ಲಿ. ಒಂದು ಬಲ್ಲವರಿಗೆ, ಇನ್ನೊಂದು ಅರಿಯದವರಿಗೆ. ಯಾವುದು ಯಾರಿಗೆಂದು ನೆನಪಾದ ದಿನ ತಿಳಿಸುತ್ತೇನೆ.

ನಿನ್ನ ತಾತ,
ರಾಗಿಬ್


ಮೂರನೇ ಮಹಡಿ
ಏಪ್ರಿಲ್ 8

ತಾತ,

ಈ ಬುಟ್ಟಿಗೆ ಮೀನಿನ ವಾಸನೆ. ನಿಮ್ಮ ಕಾಗದ ಅಡಗಿಸಿಟ್ಟು ನನ್ನ ಭೌತಶಾಸ್ತ್ರದ ಪುಸ್ತಕವೂ ಸಾರ್ಡೀನ್ ಆಗಿದೆ.

ನಿಮ್ಮ ಮಗ, ನಮ್ಮ ಬಾಬಾ ಅಂದುಕೊಂಡಿದ್ದಾರೆ, ಫೋನ್ ಅಂದರೆ ಆಟ ಅಂತ. ಟ್ಯೂಷನ್ ಸರ್ ಪಾಠದ ಹೊತ್ತು ಬದಲಾಯಿಸಿದರೆ ಗ್ರೂಪಿನಲ್ಲೇ ಹೇಳುವುದು. ಮೊನ್ನೆ ಹೋದೆ, ಬೀಗ ಹಾಕಿತ್ತು. ಮೆಟ್ಟಿಲ ಮೇಲೆ ಬೆಕ್ಕಿನ ಜೊತೆ ಕೂತಿದ್ದೆ. ಎಲ್ಲರಿಗೂ ಗೊತ್ತು, ನನಗೂ ಬೆಕ್ಕಿಗೂ ಗೊತ್ತಿಲ್ಲ. ಗೆಳತಿ ಯಾರಾ ನಗುತ್ತಾ "ನೀನು ಸತ್ತೇ ಹೋದೆ ಅಂದ್ಕೊಂಡಿದ್ವಿ ಕಣೇ" ಅಂದಳು. ಅವಳಲ್ಲದೆ ನನಗೆ ಹಾಗೆ ಹೇಳುವವರು ಯಾರಿದ್ದಾರೆ, ಆರನೇ ವಯಸ್ಸಿನಿಂದ ಒಂದೇ ಬೆಂಚು.

ಒಂದು ಸಹಾಯ. ಬ್ಯಾಟರಿ ಪೂರ್ತಿ ಬರಿದಾದರೆ ಫೋನೇ ಹಾಳಾಗುತ್ತದೆ. ಚಾರ್ಜರ್ ಕಾಲುಚೀಲದಲ್ಲಿ ಸುತ್ತಿ ಇಟ್ಟಿದ್ದೇನೆ. ಆಫ್ ಮಾಡಬೇಡಿ, ಸುಮ್ಮನೆ ಚುಚ್ಚಿಡಿ. ಬಾಬಾಗೆ ಹೇಳಬೇಡಿ.

ರದ್ವಾ


ನಾಲ್ಕನೇ ಮಹಡಿ
ಏಪ್ರಿಲ್ 17

ಮಗಳೇ,

ಚುಚ್ಚಿದ್ದೇನೆ. ಬೀರುವಿನೊಳಗೆ ದೀಪಕ್ಕೆಂದು ಮಾಡಿಸಿದ ಪ್ಲಗ್ಗು ಇತ್ತಲ್ಲ, ಅದಕ್ಕೇ. ಇನ್ಸಾಫಳ ಬೀರುವಿಗೆ ಬಾಡಿಗೆದಾರ ಬಂದ ಹಾಗಾಗಿದೆ. ಕತ್ತಲಾದ ಮೇಲೆ ಅದು ಒಮ್ಮೊಮ್ಮೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಕಪ್ಪುಗಳ ಚಿನ್ನದ ಅಂಚು ಮಿನುಗಿ ಆರುತ್ತದೆ. ನಿಮ್ಮ ಮನೆಯ ವೈಫೈ ಇಲ್ಲಿಗೂ ಬರುತ್ತದಂತೆ, ನಿನ್ನಮ್ಮ ಹೇಳಿದಳು. ನನ್ನ ಕಾಲಿಗಾಗದ್ದು ಅದಕ್ಕಾಗುತ್ತದೆ.

ಆ ಕಪ್ಪುಗಳ ಕಥೆ ಹೇಳಿದ್ದೆನೇ? ಹೇಳಿದ್ದರೂ ಕೇಳು. ಮದುವೆಯಾದಂದಿನಿಂದ ಅವುಗಳಲ್ಲಿ ಯಾರೂ ಟೀ ಕುಡಿದಿಲ್ಲ. ಈ ಊರಿನ ಯಾವ ಮನೆಯಲ್ಲಿ ಕುಡಿದಿದ್ದಾರೆ? ಒಮ್ಮೆ ಮಾತ್ರ, ನಿನ್ನಪ್ಪನಿಗೆ ಏಳು ವರ್ಷವಿದ್ದಾಗ, ನನ್ನ ಕಚೇರಿಯ ಗ್ರೀಕ್ ಸಾಹೇಬ ಮನೆಗೆ ಬಂದಿದ್ದ. ಹುಡುಗ ಆಸೆಪಟ್ಟು ತಾನೂ ಒಂದರಲ್ಲಿ ಕುಡಿಯುತ್ತೇನೆಂದ. ಅತಿಥಿಯ ಮುಂದೆ ಇಲ್ಲ ಎನ್ನಲಾಗದೆ ಇನ್ಸಾಫ್ ಕೊಟ್ಟಳು, ಬಗ್ಗಿ ಅವನ ಕಿವಿಯಲ್ಲಿ, "ಎರಡೂ ಕೈಲಿ ಹಿಡ್ಕೋ. ಬಿದ್ರೆ ನಿನ್ನೂ ಇದ್ರ ಜೊತೇಲೇ ಗುಡಿಸಿ ಹಾಕ್ತೀನಿ" ಎಂದಳು. ಸಾಹೇಬ ಹೋಗುವವರೆಗೂ ಆ ಮಗು ಬಸಿಯನ್ನು ಒಂದು ಕೈಲಿ, ಕಪ್ಪನ್ನು ಇನ್ನೊಂದರಲ್ಲಿ ಹಿಡಿದು ಉಸಿರು ಬಿಗಿಹಿಡಿದು ಕೂತಿತ್ತು. ಟೀ ಕುಡಿಯಲೇ ಇಲ್ಲ. ಈಗಲೂ ಆ ಬೀರುವಿನ ಮುಂದೆ ಹಾದುಹೋಗುವಾಗ ಅವನ ಕೈ ತಾನಾಗಿಯೇ ಮುಂದಕ್ಕೆ ಬರುತ್ತದೆ, ಗಮನಿಸು.

ನಿನ್ನಮ್ಮ ಊಟ ತಂದಾಗ ಮುಖ ಸಣ್ಣಗಿತ್ತು.

"ಮಾವ, ಹುಡುಗಿ ತುತ್ತು ಎತ್ತಲ್ಲ. ಮೊಲೋಖಿಯಾ ಸೊಪ್ಪಿನ ಸಾರು ಮಾಡಿದ್ದೆ, ಹಾಗೇ ತಣ್ಣಗಾಯ್ತು."

"ಪರೀಕ್ಷೆ ಕಣಮ್ಮ ಸಮಾಹ್. ಎಲ್ಲಾ ಮನೇಲೂ ಇದೇ."

"ಹೂಂ, ಎಲ್ಲರೂ ಹಾಗೇ ಅಂತಾರೆ. ಫೋನ್ ಬಿಡಿಸಿದ್ರೆ ಸರಿಹೋಗ್ತಾಳೆ ಅಂದ್ರು ಇವ್ರು. ಬಿಡಿಸಿದ ಮೇಲೇ ಜಾಸ್ತಿ ಆಯ್ತು."

ಎಳೆಮಗುವಿನ ಹಾಲು ಬಿಡಿಸಿದ ಹಾಗೆ ಇದು, ರದ್ವಾ, ನಾಲ್ಕು ದಿನ ಅಳು, ಆಮೇಲೆ ಅನ್ನದ ರುಚಿ ಗೊತ್ತಾಗುತ್ತದೆ. ನಾವೂ ನಿನ್ನ ವಯಸ್ಸಿನವರಾಗಿದ್ದೆವು, ಗೆಳೆಯನ ಸುದ್ದಿ ತಿಳಿಯಲು ಫೆರಿ ಹತ್ತಿ ಆಚೆ ದಡಕ್ಕೆ ಹೋಗಬೇಕಿತ್ತು, ಅವನು ಮನೆಯಲ್ಲಿರದಿದ್ದರೆ ಅವನಮ್ಮ ಕೊಟ್ಟದ್ದು ತಿಂದು ವಾಪಸ್ಸು ಬರುವುದು, ಅದೂ ಒಂದು ಲಾಭವೇ.

ತಿನ್ನು.

ತಾತ


ಏಪ್ರಿಲ್ 19

ತಾತ,

ಎಷ್ಟು ಸಲ ಹೊತ್ತಿಕೊಳ್ಳುತ್ತದೆ? ಹಗಲೂ ಬರುತ್ತದಾ? ಪರದೆಯ ಮೇಲೆ ಯಾರ ಹೆಸರು ಕಾಣುತ್ತದೆ? ಬಾಬಾ ಮೇಲೆ ಬಂದಾಗ ಬೀರುವಿನ ಕಡೆ ಹೋಗುತ್ತಾರಾ?

ನಾಳೆ ಸಂಜೆ ವಸಂತದ ಹಬ್ಬದ ಬೊಂಬೆ ನೋಡಲು ಎಲ್ಲರೂ ಬೀದಿಯಲ್ಲಿರುತ್ತಾರೆ, ಬಾಬಾ ಅಮ್ಮ ಕೂಡ. ಆಗ ಫೋನ್ ಬುಟ್ಟಿಯಲ್ಲಿ ಇಳಿಸಿ. ಒಂದು ಗಂಟೆ ಸಾಕು. ಅರ್ಧ ಗಂಟೆ. ಆಮೇಲೆ ನಾನೇ ಬುಟ್ಟಿಗೆ ಹಾಕುತ್ತೇನೆ, ಅಜ್ಜಿಯ ಆಣೆ. ಯಾಕೆ ಅಂತ ಮಾತ್ರ ಕೇಳಬೇಡಿ.

ರ.


ನಾಲ್ಕನೇ ಮಹಡಿ
ಏಪ್ರಿಲ್ 20, ಬೊಂಬೆಯ ಸಂಜೆ

ಇಲ್ಲ ಪುಟ್ಟಿ. ಮಗನಿಗೆ ಮಾತು ಕೊಟ್ಟಿದ್ದೇನೆ. ಫೋನಿನ ಬದಲು ಬಣ್ಣದ ಮೊಟ್ಟೆಗಳನ್ನು ಇಳಿಸುತ್ತಿದ್ದೇನೆ, ನಾಳೆ ವಸಂತದ ಹಬ್ಬಕ್ಕೆ. ಹಸಿರು ಈರುಳ್ಳಿಯೂ ಇದೆ. ಮುನಿಸಿಕೊ, ಪರವಾಗಿಲ್ಲ, ಪರೀಕ್ಷೆ ಮುಗಿದ ಮೇಲೆ ಜುಲೈಯಲ್ಲಿ ನನಗೆ ಮುತ್ತು ಕೊಡುತ್ತೀಯ.

ಬಾಲ್ಕನಿಯಿಂದ ಬೊಂಬೆಗಳನ್ನು ನೋಡುತ್ತಾ ಬರೆಯುತ್ತಿದ್ದೇನೆ. ಔಷಧಿ ಅಂಗಡಿಯ ಮುಂದೆ ಹಲಗೆ ಕಟ್ಟಿ ಸಾಲಾಗಿ ನಿಲ್ಲಿಸಿದ್ದಾರೆ. ಹುಲ್ಲು, ಚಿಂದಿ, ಹಳೇ ಕೋಟು, ಮೇಲೆ ಆ ವರ್ಷ ಗೇಲಿ ಮಾಡಬೇಕಾದ ಯಾರದೋ ಮುಖ. ಈ ವರ್ಷದವು ಅಷ್ಟಕ್ಕಷ್ಟೆ. ನಿನ್ನಪ್ಪನ ಕಾಲದಲ್ಲಿ ನೋಡಬೇಕಿತ್ತು! ಈ ಬೀದಿಯ ಬೊಂಬೆಗಾರ ಅವನೇ. ಇವತ್ತು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿ ಹುಡುಗಿಯರಿಗೆ "ಹೊಲಿಗೆ ಸೊಟ್ಟ" ಎಂದು ಬಯ್ಯುತ್ತಾನಲ್ಲ, ಹೊಲಿಗೆ ಕಲಿತದ್ದು ಬೊಂಬೆಯ ಹೊಟ್ಟೆಯ ಮೇಲೆ.

ಒಂದು ವರ್ಷ ತನ್ನ ಭೂಗೋಳದ ಮೇಷ್ಟ್ರ ಫೋಟೊವನ್ನು ಎಲ್ಲಿಂದಲೋ ದೊಡ್ಡದು ಮಾಡಿಸಿ, ನರ್ತಕಿಯ ಉಡುಪಿನ ಬೊಂಬೆಗೆ ಅಂಟಿಸಿಬಿಟ್ಟ. ಇಷ್ಟು ದಪ್ಪ ಹೊಟ್ಟೆ, ಸೊಂಟಕ್ಕೆ ಗೆಜ್ಜೆ. ಇಡೀ ಬೀದಿ ಬಿದ್ದು ಬಿದ್ದು ನಗುತ್ತಿರುವಾಗ ಮೇಷ್ಟ್ರೇ ಮೀನಿನ ಪೊಟ್ಟಣ ಹಿಡಿದು ಬರಬೇಕೆ! ಎಲ್ಲರೂ ಗಪ್‌ಚುಪ್. ನಾನು ಬಾಲ್ಕನಿಯಲ್ಲಿ ಕುರ್ಚಿಯ ಹಿಂದೆ. ಮೇಷ್ಟ್ರು ಬೊಂಬೆಯನ್ನು ಸುತ್ತು ಹಾಕಿ ನೋಡಿದರು.

"ವಾಯಿಲ್, ಮುಖ ನಂದೇ ಕಣಯ್ಯ, ಒಪ್ಕೊಂಡೆ. ಹೊಟ್ಟೆ ಮಾತ್ರ ನಿಮ್ಮನೆ ದಿಂಬು. ನಿಮ್ಮಮ್ಮ ಬಿಸಿಲಿಗೆ ಹಾಕಿದ್ದನ್ನ ನಾನೇ ನೋಡಿದೀನಿ."

ಆಗ ಬಂದ ನಗು ಇದೆಯಲ್ಲ, ಅದು ಮೇಷ್ಟ್ರ ಮೇಲಿನ ನಗುವಲ್ಲ. ನಿನ್ನಪ್ಪ ಒಂದು ವಾರ ಬೀದಿಗೆ ಮುಖ ತೋರಿಸಲಿಲ್ಲ. ಇನ್ಸಾಫ್ ದಿಂಬು ಬಿಚ್ಚಿ ತಂದು ಒಗೆದಳು. ಇನ್ನೂ ಇದೆ, ನನ್ನ ಬೆನ್ನ ಹಿಂದೆಯೇ.

ಬೀದಿಯಲ್ಲಿ ನಿನ್ನಪ್ಪ ಅಮ್ಮ ಕಾಣಿಸಿದರು. ನೀನು ಕೆಳಗಿನ ಬಾಲ್ಕನಿಯಲ್ಲಿ ನಿಂತಿದ್ದೀಯ, ನಿನ್ನ ನೆತ್ತಿ ಕಾಣುತ್ತಿದೆ. ಬೊಂಬೆಯ ಕಡೆ ನೋಡುತ್ತಲೇ ಇಲ್ಲ. ನೇರ ಕೆಳಗೆ ನೋಡುತ್ತಿದ್ದೀಯ. ಏನು ಬಿದ್ದಿದೆ ಅಲ್ಲಿ?

ತಾತ


ಮೇ 11

ರದ್ವಾ,

ಮೊಟ್ಟೆಗಳು ಹಾಗೇ ವಾಪಸ್ಸು ಬಂದವು. ಆಮೇಲೆ ಇಳಿಸಿದ ಕಾಗದಗಳೂ ಹಾಗೇ ಬಂದವು, ಬಿಚ್ಚದೆ. ಮುನಿಸು ಎಂದುಕೊಂಡೆ. ಮುನಿಸು ಇಷ್ಟು ವಾರ ಇರುವುದಿಲ್ಲ. ನಿನ್ನಜ್ಜಿಯದೂ ಇರುತ್ತಿರಲಿಲ್ಲ, ಅವಳು ಆ ವಿದ್ಯೆಯಲ್ಲಿ ಪಳಗಿದವಳು.

ಇದನ್ನು ಬುಟ್ಟಿಯ ತಳದಲ್ಲಿ ಅಲ್ಲ, ಮೇಲೆಯೇ ಇಟ್ಟಿದ್ದೇನೆ, ಬಿಚ್ಚಿಯೇ ಇಟ್ಟಿದ್ದೇನೆ. ಮೊದಲ ಸಾಲು ಕಣ್ಣಿಗೆ ಬೀಳಲಿ ಎಂದು. ನಾನು ಫೋನ್ ನೋಡಿದೆ.

ಮಧ್ಯಾಹ್ನ ಬೀರುವಿನ ಧೂಳು ಒರೆಸುತ್ತಿದ್ದೆ. ಕೈಯಲ್ಲಿ ಕಪ್ಪು ಇರುವಾಗಲೇ ಅದು ಹೊತ್ತಿಕೊಂಡಿತು. ಬೀಗ ತೆಗೆಯದೆಯೂ ಪರದೆಯ ಮೇಲೆ ಸಾಲುಗಳು ಕಾಣುತ್ತವಲ್ಲ. ಅಕ್ಷರ ಇಂಗ್ಲಿಷಿನವು, ನಡುನಡುವೆ ಅಂಕಿಗಳು. ನಾನು ಕಲಿತ ಇಂಗ್ಲಿಷಿನಲ್ಲಿ ಅಂಥ ಒಂದು ಪದವೂ ಇರಲಿಲ್ಲ. ಕನ್ನಡಕ ಹಾಕಿಕೊಂಡು, ಕಾಲೇಜಿನಲ್ಲಿ ನಿಲ್ಲಿಸಿ ಓದಿಸುತ್ತಿದ್ದಂತೆ ಜೋರಾಗಿ ಓದಿದೆ. ಎರಡನೆಯ ಸಲ ಓದುವಾಗ ನನ್ನ ಬಾಯಿಂದ ಬಂದದ್ದು ನಮ್ಮ ಅರಬ್ಬಿಯೇ. ನೀವು ಹುಡುಗರು ಹೀಗೆ ಬರೆಯುತ್ತೀರೆಂದು ಆಗ ನೆನಪಾಯಿತು.

"ಅಡಗಿ ಕೂತ್ರೆ ಬಿಡ್ತೀನಾ. ಈ ಗುರುವಾರ ರಾತ್ರಿಯೊಳಗೆ. ಇಲ್ಲಾಂದ್ರೆ ನಿಮ್ಮಪ್ಪನ ಫೋನಿಗೇ."

ಹೆಸರಿನ ಜಾಗದಲ್ಲಿ ಹೆಸರಿಲ್ಲ, ಒಂದು ನರಿಯ ಚಿತ್ರ.

ಕಪ್ಪು ಬೀಳಲಿಲ್ಲ. ಬೀಗ ಹಾಕಿ ಬಂದು ಕೂತೆ. ಇದು ಆಟದ ಮಾತೇ? ನಿಮ್ಮಲ್ಲಿ ಹೀಗೂ ತಮಾಷೆ ಮಾಡುತ್ತೀರೇ? ಹೌದು ಎಂದರೆ ನಂಬುತ್ತೇನೆ, ರದ್ವಾ. ಅಲ್ಲವಾದರೆ ಸುಮ್ಮನಿರಬೇಡ.

ತಾತ


ಮೇ 12

ತಾತ,

ತಮಾಷೆ ಅಲ್ಲ.

ಮಾರ್ಚ್‌ನಲ್ಲಿ ಒಂದು ಗ್ರೂಪಿಗೆ ಸೇರಿದೆ. ಸಾನವಿಯಾ ಪ್ರಶ್ನೆಪತ್ರಿಕೆ ಮೊದಲೇ ಕೊಡುತ್ತೇವೆ ಅನ್ನುವ ಗ್ರೂಪ್. ಪ್ರತಿವರ್ಷ ಇಂಥವು ಹತ್ತಾರು ಹುಟ್ಟುತ್ತವೆ. ಸುಳ್ಳು ಅಂತ ಎಲ್ಲರಿಗೂ ಗೊತ್ತು, ಆದರೂ ಸೇರುತ್ತಾರೆ, ಬೇರೆಯವರಿಗೆ ಸಿಕ್ಕಿ ನಮಗೆ ಸಿಗದಿದ್ದರೆ ಅಂತ. ಬಾಬಾ ನನ್ನನ್ನು ನೆಂಟರಿಗೆಲ್ಲ "ನಮ್ಮ ಡಾಕ್ಟರ್" ಅಂತಲೇ ಪರಿಚಯ ಮಾಡಿಸುತ್ತಾರೆ. ಡಾಕ್ಟರಿಗೆ ಭೌತಶಾಸ್ತ್ರ ಬರುವುದಿಲ್ಲ ತಾತ.

ಒಳಗೆ ಬಿಡಬೇಕಾದರೆ ನಾನು ಪೊಲೀಸ್ ಅಲ್ಲ, ನಿಜವಾದ ವಿದ್ಯಾರ್ಥಿನಿ ಅಂತ ತೋರಿಸಬೇಕು ಅಂದ, ಗ್ರೂಪ್ ನಡೆಸುವವನು. ಶಾಲೆಯ ಕಾರ್ಡ್ ಮುಖದ ಪಕ್ಕ ಹಿಡಿದು ಫೋಟೊ ಕಳಿಸು ಅಂದ. ಕಳಿಸಿದೆ. ಎರಡು ದಿನಕ್ಕೆ ಒಂದು ಫೋಟೊ ವಾಪಸ್ಸು ಬಂತು. ಮುಖ ನನ್ನದು. ಉಳಿದದ್ದು ನನ್ನದಲ್ಲ. ಆದರೆ ನೋಡಿದವರಿಗೆ ನನ್ನದೇ ಅನಿಸುತ್ತದೆ. ನನಗೇ ಒಂದು ಕ್ಷಣ ಅನಿಸಿತು. ಅದನ್ನು ಬರೆಯಲು ನನ್ನಿಂದಾಗುವುದಿಲ್ಲ, ನಿಮಗೆ ಅರ್ಥವಾಗಿರುತ್ತದೆ. ಕಾರ್ಡಿನಲ್ಲಿ ನನ್ನ ಹೆಸರು, ಬಾಬಾನ ಹೆಸರು, ಅವರ ಫೋನ್ ನಂಬರು, ಶಾಲೆ, ಎಲ್ಲ ಇದೆ.

ಮೊದಲು ಹಾಗಿರು, ಹೀಗಿರು, ಕೂಡಲೇ ಉತ್ತರ ಕೊಡು ಅನ್ನುತ್ತಿದ್ದ. ಊಟದ ಮಧ್ಯೆ, ಪಾಠದ ಮಧ್ಯೆ, ಸ್ನಾನಕ್ಕೆ ಹೋದರೂ ಫೋನ್ ಒಯ್ಯುತ್ತಿದ್ದೆ. ಬಾಬಾ ಅದನ್ನೇ ಚಟ ಅಂದರು. ಹಿಟ್ಟಿನ ಡಬ್ಬಿಗೆ ಕೈ ಹಾಕಿದ್ದು ಆಟಕ್ಕಲ್ಲ. ಫೋನ್ ಹೋದ ಮೇಲೆ ಅವನು ಏನು ಹೇಳುತ್ತಿದ್ದಾನೆ ಅಂತಲೂ ಗೊತ್ತಿಲ್ಲ. ಬಾಬಾನ ಫೋನ್ ಸದ್ದಾದಾಗಲೆಲ್ಲ ಓಡಿಹೋಗಿ ಅವರ ಮುಖ ನೋಡುತ್ತೇನೆ.

ಮೇಲೆ ಬೀಗ, ಇಲ್ಲಿ ಬಾಬಾ. ಬಾಲ್ಕನಿಯೊಂದೇ ತೆರೆದ ಜಾಗ.

ರದ್ವಾ


ಮೇ 12, ಅದೇ ಸಂಜೆ

ಮಗಳೇ,

ಈ ಹೊತ್ತು ಬುಟ್ಟಿಯನ್ನು ಮೇಲೆ ಎಳೆದುಕೊಳ್ಳುವುದಿಲ್ಲ. ನಿನ್ನ ಬಾಲ್ಕನಿಯ ಕಂಬಿಗೆ ತಾಗಿ ನೇತಾಡಲಿ. ಹಗ್ಗದ ಈ ತುದಿ ನನ್ನ ಮಣಿಕಟ್ಟಿಗೆ ಕಟ್ಟಿಕೊಂಡಿದ್ದೇನೆ. ಆಗಾಗ ಒಮ್ಮೆ ಎಳಿ. ನಿದ್ದೆ ಬಂದರೆ ಮಲಗುವ ಮುಂಚೆ ಒಮ್ಮೆ, ಎದ್ದ ಕೂಡಲೇ ಒಮ್ಮೆ. ಆ ಬಾಲ್ಕನಿಯಲ್ಲಿ ನಿನಗಿರುವ ಕೆಲಸ ಹಗ್ಗ ಎಳೆಯುವುದೊಂದೇ, ತಿಳಿಯಿತೇ? ಬೇರೆ ಯಾವ ಕೆಲಸವೂ ಅಲ್ಲಿಲ್ಲ.

ನಾನು ಇಲ್ಲೇ ಕುರ್ಚಿ ಹಾಕಿಕೊಂಡಿದ್ದೇನೆ. ನಿನ್ನ ಮೇಲೆ ನನಗೆ ಕೋಪವಿಲ್ಲ. ಇದನ್ನು ಮೊದಲೇ ಬರೆಯಬೇಕಿತ್ತು, ಇಷ್ಟು ಕೆಳಗೆ ಬಂತು.

ಎಳಿ.

ತಾತ


ಮೇ 14

ತಾತ,

ಎಳೆದಾಗಲೆಲ್ಲ ನೀವೂ ವಾಪಸ್ಸು ಎಳೆದಿರಿ. ನಿಮಗೆ ನಿದ್ದೆ ಇಲ್ಲವಾ?

ಒಂದು ಮಾತು ಮೊನ್ನೆ ಬರೆಯಲಿಲ್ಲ. ಅವನಿಗೆ ಬೇಕಾದದ್ದು ಏನು ಅಂತ. ಯಾರಾಳನ್ನು ಆ ಗ್ರೂಪಿಗೆ ಕರೆತಾ ಅಂತಾನೆ. ಅವಳಿಂದಲೂ ಕಾರ್ಡ್ ಹಿಡಿದ ಫೋಟೊ ತರಿಸು, ನಿನ್ನದನ್ನು ಅಳಿಸುತ್ತೇನೆ ಅಂತಾನೆ. ನಾನು ಕರೆದರೆ ಯಾರಾ ಕಣ್ಣು ಮುಚ್ಚಿ ಬರುತ್ತಾಳೆ. ಇಷ್ಟು ದಿನ ಒಪ್ಪಿರಲಿಲ್ಲ. ನಿನ್ನೆಯಿಂದ ಯೋಚಿಸುತ್ತಿದ್ದೇನೆ, ಅವಳಪ್ಪ ಕತಾರಿನಲ್ಲಿದ್ದಾನೆ, ಮನೆಯಲ್ಲಿ ಹೊಡೆಯುವವರಿಲ್ಲ, ಅವಳಿಗೆ ನನ್ನಷ್ಟು ಕಷ್ಟವಾಗಲಿಕ್ಕಿಲ್ಲ. ನೋಡಿ, ಹೀಗೆಲ್ಲ ಲೆಕ್ಕ ಹಾಕುವವಳಾಗಿದ್ದೇನೆ.

ನಾಳೆ ಗುರುವಾರ. ಫೋನ್ ಇಳಿಸಿ. ಬಾಬಾಗೆ ಮಾತ್ರ ಹೇಳಬೇಡಿ. ಅವರು ಮೊದಲು ಹೊಡೆಯುತ್ತಾರೆ, ಆಮೇಲೆ ಶಾಲೆ ಬಿಡಿಸುತ್ತಾರೆ, ಆಮೇಲೆ ಅಳುತ್ತಾರೆ. ಅಳುವುದನ್ನು ನೋಡಲು ನನ್ನಿಂದಾಗುವುದಿಲ್ಲ.

ರದ್ವಾ


ಮೇ 15, ಗುರುವಾರ

ರದ್ವಾ, ಮೊದಲು ಬುಟ್ಟಿಯಲ್ಲಿರುವುದನ್ನು ನಿಧಾನವಾಗಿ ತೆಗೆ. ನಿನ್ನಜ್ಜಿಯ ತಲೆವಸ್ತ್ರಗಳಲ್ಲಿ ಸುತ್ತಿದ್ದೇನೆ. ನಾಲ್ಕು ಕಪ್ಪು, ನಾಲ್ಕು ಬಸಿ. ಒಂದು ಕಪ್ಪಿನ ಹಿಡಿಯಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಅದು ನನಗೆ. ತೊಳೆದು ಟೀಗೆ ನೀರಿಡು, ಪುದೀನ ಹಾಕು. ಅಮ್ಮ ಏನೆಂದು ಕೇಳಿದರೆ, ತಾತ ಬರುತ್ತಿದ್ದಾರೆ ಎನ್ನು. ಆಮೇಲೆ ಅವಳು ಬೇರೇನೂ ಕೇಳುವುದಿಲ್ಲ, ಬಾಯಿ ಕಳೆದು ನಿಲ್ಲುತ್ತಾಳೆ.

ಫೋನ್ ಬುಟ್ಟಿಯಲ್ಲಿಲ್ಲ. ಹುಡುಕಬೇಡ. ಅದು ನನ್ನ ಎದೆಯ ಜೇಬಿನಲ್ಲಿದೆ, ಆಗಾಗ ನಡುಗುತ್ತದೆ. ನಿನ್ನ ಕೈಗೆ ಕೊಟ್ಟರೆ ನೀನು ಯಾರಾಳನ್ನು ಕರೆಯುತ್ತೀಯ. ಕರೆಯಲಾರೆ ಎಂದು ನಿನ್ನ ಮೇಲೆ ಆಣೆಯಿಟ್ಟುಕೊಳ್ಳಬೇಡ. ಇಷ್ಟು ದಿನ ಒಬ್ಬಳೇ ತಡೆದೆಯಲ್ಲ, ಅದೇ ದೊಡ್ಡದು. ಆದರೆ ನಾಳೆ ಯಾರಾ ತನ್ನ ಕೋಣೆಯಲ್ಲಿ ಕೂತು ಇನ್ನೊಬ್ಬಳ ಹೆಸರು ಯೋಚಿಸುತ್ತಾಳೆ. ಆ ನರಿ ಬೇಟೆಗೆ ಹೋಗುವುದೇ ಇಲ್ಲ, ಗಮನಿಸಿದೆಯಾ? ನಿಮ್ಮಲ್ಲೇ ಒಬ್ಬರಿಂದ ಇನ್ನೊಬ್ಬರನ್ನು ಹಿಡಿಸುತ್ತದೆ. ನಾವು ಹಿರಿಯರು ಜಾಣತನದಿಂದ ಫೋನಿಗೆ ಬೀಗ ಹಾಕಿದೆವು. ನಿನ್ನ ಕತ್ತು ಹಿಡಿದವನು ಬೀಗದ ಆಚೆಗೇ ಇದ್ದ.

ಮಧ್ಯಾಹ್ನ ಔಷಧಿ ಅಂಗಡಿಯ ನಗ್ವಾಗೆ ಬುಟ್ಟಿಯಲ್ಲಿ ಮಾತ್ರೆಯ ಚೀಟಿಯ ಜೊತೆ ಇನ್ನೊಂದು ಚೀಟಿ ಇಳಿಸಿದ್ದೆ, ಪರಿಚಯದವರೊಬ್ಬರ ಮಗಳಿಗೆ ಹೀಗಾಗಿದೆ, ಏನು ಮಾಡುವುದು ಎಂದು. ಆ ಹೆಂಗಸು ಒಂದು ಪ್ರಶ್ನೆ ಕೇಳದೆ ಮಾತ್ರೆಯ ಡಬ್ಬಿಯ ಹಿಂದೆ ಬರೆದು ಕಳಿಸಿದಳು. ಇಂಥದ್ದಕ್ಕೇ ಪೊಲೀಸರಲ್ಲಿ ಒಂದು ವಿಭಾಗ ಇದೆಯಂತೆ. ಏನನ್ನೂ ಅಳಿಸಬಾರದಂತೆ, ಅವನಿಗೆ ಉತ್ತರ ಕೊಡಬಾರದಂತೆ. ಸಣ್ಣ ವಯಸ್ಸಿನವಳಾದರೆ ಅಪ್ಪ ಜೊತೆಗೆ ಬಂದು ಸಹಿ ಹಾಕಬೇಕಂತೆ. ಕೊನೆಯಲ್ಲಿ ಹೀಗೆ ಬರೆದಿದ್ದಳು: "ಆ ಹುಡುಗೀನ ಒಂಟಿಯಾಗಿ ಬಿಡ್ಬೇಡಿ ಅಂತ ಅವಳ ತಾತನಿಗೆ ಹೇಳಿ." ನಾನು ತಾತ ಎಂದು ಎಲ್ಲಿಯೂ ಬರೆದಿರಲಿಲ್ಲ.

ಹಾಗಾಗಿ ನಿನ್ನಪ್ಪನಿಗೆ ಹೇಳಲೇಬೇಕು. ಇಂದೇ, ಆ ನರಿ ಹೇಳುವ ಮೊದಲು. ಅವನು ಕೆಲಸದಿಂದ ಬಂದು ಕೈಕಾಲು ತೊಳೆದು ಕೂತಾಗ ಮೊದಲು ಕೇಳುವ ದನಿ ನನ್ನದಾಗಿರಬೇಕು.

ಹೆದರಬೇಡ ಎನ್ನಲಾರೆ, ನನಗೇ ಹೆದರಿಕೆ. ಅವನಿಗೆ ಕೋಪ ಬರುತ್ತದೆ. ಮೊದಲ ಕೋಪ ನಿನ್ನ ಮೇಲೆಯೇ ಬರುತ್ತದೆ. ಆದ್ದರಿಂದ ಹೀಗೆ ಮಾಡು. ನಾನು ಬಾಯಿ ತೆರೆಯುವ ಮುಂಚೆ ಅವನಿಗೆ ಟೀ ಕೊಡು, ಬಸಿಯ ಸಮೇತ, ತುಂಬಿದ ಕಪ್ಪು. ಎರಡೂ ಕೈಯಲ್ಲಿ ಹಿಡಿಯುತ್ತಾನೆ. ನಲವತ್ತು ದಾಟಿದ್ದಾನೆ, ಮೀಸೆ ನರೆತಿದೆ, ಆದರೂ ಹಿಡಿಯುತ್ತಾನೆ, ನೋಡು ಬೇಕಾದರೆ. ಅದನ್ನು ಕೆಳಗಿಡಲು ಜಾಗ ಸಿಗದ ಹಾಗೆ ಮೇಜಿನ ತುಂಬ ನಿನ್ನ ಪುಸ್ತಕ ಹರಡಿರು. ಆ ಎರಡು ಕೈ ಬಿಡುವಾಗುವಷ್ಟರಲ್ಲಿ ನನ್ನ ಮಾತು ಮುಗಿದಿರುತ್ತದೆ. ನಾನು ನಿಮ್ಮಿಬ್ಬರ ನಡುವಿನ ಕುರ್ಚಿಯಲ್ಲಿ ಕೂರುತ್ತೇನೆ. ಎದ್ದು ಹೋಗು ಎಂದರೂ ಏಳುವುದಿಲ್ಲ, ನನ್ನನ್ನು ಆ ಮೆಟ್ಟಿಲು ಹತ್ತಿಸಲು ಇಬ್ಬರು ಬೇಕು.

ಮಾತು ಎಲ್ಲಿಂದ ಶುರು ಮಾಡುವುದೆಂದು ಬೆಳಿಗ್ಗೆಯಿಂದ ಯೋಚಿಸಿದೆ. ದಿಂಬಿನಿಂದ ಶುರು ಮಾಡುತ್ತೇನೆ. ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತಿದ್ದೇನೆ. "ವಾಯಿಲ್, ಇದು ಯಾರ ಹೊಟ್ಟೆ, ನೆನಪಿದೆಯಾ?" ಎನ್ನುತ್ತೇನೆ. ಈ ಊರಿನಲ್ಲಿ ವರ್ಷಾ ವರ್ಷಾ ಒಬ್ಬರ ಮುಖ ತೆಗೆದು ಹುಲ್ಲಿನ ಮೈಗೆ ಅಂಟಿಸುತ್ತೇವೆ. ಅದು ಅವರದೇ ಮೈ ಎಂದು ಕುಡುಕನೂ ನಂಬಿದ್ದಿಲ್ಲ. ಈಗ ಗೋಂದಿನ ಬದಲು ಯಂತ್ರ ಬಂದಿದೆ, ಹೊಲಿಗೆ ಕಾಣಿಸುವುದಿಲ್ಲ, ಅಷ್ಟೇ. ಹೊಲಿಗೆ ಎಲ್ಲಿದೆಯೆಂದು ಗೊತ್ತಿರುವ ಮನುಷ್ಯ ಈ ಬೀದಿಯಲ್ಲಿ ನಿನ್ನಪ್ಪನೊಬ್ಬನೇ. ಮೇಷ್ಟ್ರು ಬೀದಿಯ ನಡುವೆ ನಿಂತು ಮುಖ ನನ್ನದೇ ಎಂದರಲ್ಲ, ಅಷ್ಟು ಸಾಕಾಯಿತು. ನೀನು ಅಷ್ಟನ್ನೇ ಹೇಳು. ಕಾರ್ಡ್ ಕಳಿಸಿದ್ದನ್ನೂ, ಪ್ರಶ್ನೆಪತ್ರಿಕೆಯ ಆಸೆಯನ್ನೂ ಹೇಳು. ಉಳಿದದ್ದು ನಿನ್ನದಲ್ಲ, ಅದನ್ನು ನೀನು ಹೊರಬೇಕಿಲ್ಲ.

ಅವನು ಅತ್ತರೆ ನೀನು ಅಡುಗೆಮನೆಗೆ ಹೋಗು. ನಾನು ನೋಡಿಕೊಳ್ಳುತ್ತೇನೆ. ಮೊದಲೂ ನೋಡಿಕೊಂಡಿದ್ದೇನೆ.

ಸಿನ್ಸಿಯರ್ಲಿಯೇ ಸರಿ ಎಂದು ಕಾಣುತ್ತದೆ, ಬಲ್ಲವರಿಗೆ. ಎಷ್ಟು ಬಲ್ಲೆ ಎಂಬುದು ಬೇರೆ ಮಾತು. ಇಷ್ಟು ವಾರ ನಿನ್ನ ನೆತ್ತಿಯನ್ನಷ್ಟೇ ನೋಡಿದ್ದೇನೆ. ಇನ್ನೂ ಏನೋ ಬರೆಯುವುದಿತ್ತು, ನಿನ್ನಜ್ಜಿ ಒಮ್ಮೆ ಫೆರಿಯಲ್ಲಿ... ಅದು ಇರಲಿ. ಹಡಗುಗಳು ದೀಪ ಹಚ್ಚುತ್ತಿವೆ. ಈ ಸಾಲು ಸೊಟ್ಟಗೆ ಹೋಗುತ್ತಿದೆಯೋ ಏನೋ, ನನಗೆ ಕಾಣಿಸುತ್ತಿಲ್ಲ. ಮೆಟ್ಟಿಲಿನ ಬಲ್ಬು ಸುಟ್ಟು ಎಷ್ಟೋ ಕಾಲವಾಗಿದೆ ಎಂದು ನಿನ್ನಮ್ಮ ಹೇಳುತ್ತಿರುತ್ತಾಳೆ. ಗೋಡೆಯ ಕಿಂಡಿಯಿಂದ ಒಂದಿಷ್ಟು ಬೆಳಕು ಬರುತ್ತಿರುವಾಗಲೇ ಇಳಿಯಬೇಕು.

ಕಪ್ಪುಗಳು ಮುಟ್ಟಿದ ಕೂಡಲೇ ಹಗ್ಗ ಎಳಿ. ಎಳೆದ ಮೇಲೆ ಮಣಿಕಟ್ಟಿನಿಂದ ಬಿಚ್ಚುತ್ತೇನೆ. ಬಾಗಿಲು ತೆರೆದಿಟ್ಟು ಹೊಸ್ತಿಲ ಮೇಲೆ ನಿಂತು ಏನಾದರೂ ಮಾತಾಡುತ್ತಿರು, ಜೋರಾಗಿ, ಭೌತಶಾಸ್ತ್ರವಾದರೂ ಸರಿ. ದನಿ ಹಿಡಿದು ಇಳಿಯುತ್ತೇನೆ.

ನಿನ್ನ ತಾತ